ಹದಿನಾಲ್ಕು ಸೆಕೆಂಡು

ಮಸ್ಕತ್ ಪಕ್ಕದ ಅಮೇರಾತ್‌ನಲ್ಲಿ ನಾನಿರುವ ಕಟ್ಟಡದ ಕೆಳಗೆ ಒಂದು ದಿನಸಿ ಅಂಗಡಿಯಿದೆ. ನಿನ್ನೆ ಬೆಳಿಗ್ಗೆ ಡ್ಯೂಟಿಗೆ ಹೊರಟಾಗ ಅದರ ಬಾಗಿಲಿಗೆ ಸಲಾಲಾದ ಬಾಳೆಗೊನೆ ನೇತುಹಾಕಿದ್ದರು. ಬೆರಳುದ್ದದ ಹಣ್ಣು, ಸಿಪ್ಪೆಯ ಮೇಲೆ ಕಪ್ಪು ಚುಕ್ಕೆ. ಬಿಸಿಗಾಳಿಗೆ ಅದರ ವಾಸನೆ ರಸ್ತೆಯವರೆಗೂ ಬಂದಿತ್ತು. ನಾನು ಅಲ್ಲೇ ನಿಂತುಬಿಟ್ಟೆ. ಆಸ್ಪತ್ರೆಯ ವ್ಯಾನಿನವನು ಎರಡು ಸಲ ಹಾರ್ನ್ ಹೊಡೆದು, “ಯಲ್ಲಾ ಸಿಸ್ಟರ್, ಯಲ್ಲಾ! ಹಣ್ಣು ಸಂಜೆಗೂ ಇರುತ್ತೆ” ಅಂತ ಕೂಗಿದ.

ಸಂಜೆ ಹಣ್ಣು ಕೊಳ್ಳಲಿಲ್ಲ. ಸೂಟ್‌ಕೇಸಿನ ತಳದಿಂದ ಕಳೆದ ವರ್ಷದ ಡೈರಿ ತೆಗೆದೆ.

ಡೈರಿ ಬರೆಯುವುದು ಮೈಸೂರಿನಲ್ಲಿ ಅಪ್ಪನಿಂದ ಬಂದ ಅಭ್ಯಾಸ. ಅವರ ಕಚೇರಿಯಲ್ಲಿ ವರ್ಷಕ್ಕೊಂದು ದಪ್ಪ ಡೈರಿ ಕೊಡುತ್ತಿದ್ದರು. ಅಪ್ಪ ಅದರಲ್ಲಿ ಮಳೆ ಬಂದ ದಿನ, ಗ್ಯಾಸ್ ಸಿಲಿಂಡರ್ ಬದಲಾಯಿಸಿದ ದಿನ, ನನಗೆ ಜ್ವರ ಎಷ್ಟು ಡಿಗ್ರಿ ಇತ್ತು ಎನ್ನುವುದನ್ನೆಲ್ಲ ಬರೆಯುತ್ತಿದ್ದರು. ನಾನೂ ಹಾಗೇ ಬರೆಯುತ್ತೇನೆ. ಆ ಡೈರಿಯ ಜೂನ್ 24ರಿಂದ ಮುಂದಿನ ಬಹಳಷ್ಟು ಪುಟಗಳ ಬಲಮೂಲೆಯಲ್ಲಿ ಒಂದು ಸಂಖ್ಯೆಯಿದೆ. ಅದು ಒಬ್ಬ ಮುದುಕರು ಆ ದಿನ ಬಾಯಿಂದ ನುಂಗಿದ ಚಮಚಗಳ ಲೆಕ್ಕ. ಆ ಲೆಕ್ಕ ಇನ್ನೂ ಮುಗಿದಿಲ್ಲ. ಈಗಲೂ ಬಾಗಲಕೋಟೆಯಿಂದ ದಿನಕ್ಕೊಂದು ಸಂಖ್ಯೆ ನನ್ನ ಫೋನಿಗೆ ಬರುತ್ತದೆ. ನಿನ್ನೆಯದು 4.

ನಾನು ಟ್ರಾವೆಲ್ ನರ್ಸ್. ಹಾಗೆಂದರೆ ಊರಲ್ಲಿ ಬಹಳ ಜನಕ್ಕೆ ವಿಮಾನದಲ್ಲಿ ಕೆಲಸ ಮಾಡುವ ನರ್ಸು ಎಂದೇ ಕಲ್ಪನೆ. ಏಜೆನ್ಸಿಯೊಂದು ನಮ್ಮನ್ನು ಕೆಲಸಕ್ಕೆ ಇಟ್ಟುಕೊಂಡು, ಯಾವ ಆಸ್ಪತ್ರೆಯಲ್ಲಿ ಜನ ಕಡಿಮೆ ಬಿದ್ದಿದೆಯೋ ಅಲ್ಲಿಗೆ ಕೆಲವು ವಾರಗಳ ಮಟ್ಟಿಗೆ ಕಳಿಸುತ್ತದೆ. ಮುಗಿದ ಮೇಲೆ ಇನ್ನೊಂದು ಊರು. ಮೈಸೂರಿನ ಆಸ್ಪತ್ರೆಯಲ್ಲಿ ಎರಡು ವರ್ಷ ದುಡಿದು ಒಮಾನಿಗೆ ಬಂದ ನನಗೆ ಮೊದಲ ಪೋಸ್ಟಿಂಗ್ ಸಲಾಲಾ. ಹದಿಮೂರು ವಾರ, ಜೂನ್ 16ರಿಂದ ಸೆಪ್ಟೆಂಬರ್ 14, ಒಟ್ಟು 91 ದಿನ. ಅದು ಖರೀಫ್, ಸಲಾಲಾದ ಮಳೆಗಾಲ. ಮಸ್ಕತ್ ಬೇಯುತ್ತಿರುವಾಗ ಅಲ್ಲಿ ಮಂಜು, ಜಿಟಿಜಿಟಿ ಹನಿ. ಕೊಲ್ಲಿಯ ಎಲ್ಲ ಕಡೆಯಿಂದ ಜನ ಕಾರು ಹತ್ತಿ ಹನಿ ನೋಡಲು ಬರುತ್ತಾರೆ. ಆಸ್ಪತ್ರೆಯ ಕಾಯಂ ನರ್ಸುಗಳು ಅದೇ ಸಮಯಕ್ಕೆ ವಾರ್ಷಿಕ ರಜೆ ಹಾಕುತ್ತಾರೆ. ಆ ಜಾಗಕ್ಕೆ ನಾವು.

ಮೊದಲ ವಾರದ ಪುಟಗಳಲ್ಲಿ ಬರೀ ಪಟ್ಟಿಗಳೇ. ಆಮ್ಲಜನಕದ ಸಿಲಿಂಡರ್ ಎಲ್ಲಿ, ತುರ್ತು ಔಷಧದ ಗಾಡಿ ಎಲ್ಲಿ, ಯಾವ ಡಾಕ್ಟರಿಗೆ ಫೋನ್ ಮಾಡಿದರೆ ಸಿಡುಕುತ್ತಾರೆ, ಯಾವ ಬಾತ್‌ರೂಮಿನ ಚಿಲಕ ಕೆಟ್ಟಿದೆ. ಎಲ್ಲರ ಬ್ಯಾಡ್ಜು ನೀಲಿ, ನನ್ನದು ಹಳದಿ. ಲಾಕರ್ ಕೊಟ್ಟಿರಲಿಲ್ಲ. ಬ್ಯಾಗನ್ನು ಬೆಡ್‌ಶೀಟ್ ಇಡುವ ಕಪಾಟಿನಲ್ಲಿ ಇಡುತ್ತಿದ್ದೆ. ವಾರ್ಡಿನ ಇನ್‌ಚಾರ್ಜ್ ಸಿಸ್ಟರ್ ಬೀನಾ, ಕೊಟ್ಟಾಯಂ ಕಡೆಯವರು, ಇಪ್ಪತ್ತು ವರ್ಷದಿಂದ ಅಲ್ಲೇ ಇದ್ದವರು. ಮೊದಲ ದಿನವೇ ನನ್ನನ್ನು ಮೋಳೆ, ಮಗಳೇ, ಅಂತ ಕರೆದು ಹೇಳಿದರು. “ನೋಡು ಮೋಳೆ, ನೀನು ಇಲ್ಲಿ ನೆಂಟಳು. ಊಟ ಮಾಡು, ಕೆಲಸ ಮಾಡು, ನಗ್ತಾ ಇರು. ಆದ್ರೆ ಮನೆಯ ಕುರ್ಚಿ ಮೇಜು ಜರುಗಿಸಬೇಡ. ನೀನು ಹೋದ ಮೇಲೆ ಕತ್ತಲೆಯಲ್ಲಿ ಎಡವೋದು ನಾವು.”

ಆರನೇ ಬೆಡ್ಡಿನಲ್ಲಿದ್ದವರು ನಾರಾಯಣಪ್ಪ. ಮೂವತ್ತೊಂದು ವರ್ಷದಿಂದ ಸಲಾಲಾದಲ್ಲಿ ದರ್ಜಿ. ಒಮಾನಿ ಗಂಡಸರು ಹಾಕುವ ಉದ್ದನೆಯ ಬಿಳಿ ನಿಲುವಂಗಿ, ಡಿಶ್‌ಡಾಶ್, ಹೊಲಿಯುವುದರಲ್ಲಿ ಹೆಸರಾದವರು. ಏಪ್ರಿಲ್‌ನಲ್ಲಿ ಅಂಗಡಿಯಲ್ಲೇ ಪಾರ್ಶ್ವವಾಯು ಹೊಡೆದು ಬಲಗೈ, ಬಲಗಾಲು, ಮಾತು ಹೋಗಿತ್ತು. ನುಂಗಲು ಬರುತ್ತಿರಲಿಲ್ಲ, ಮೂಗಿನಲ್ಲಿ ನಳಿಕೆ ಹಾಕಿ ಆಹಾರ ಕೊಡುತ್ತಿದ್ದರು. ಫೈಲಿನಲ್ಲಿ ‘ಮಾತಿಗೆ ಪ್ರತಿಕ್ರಿಯೆ ಇಲ್ಲ’ ಅಂತ ಬರೆದಿತ್ತು. ಅರಬಿ, ಹಿಂದಿ, ಮಲಯಾಳ, ಇಂಗ್ಲಿಷು, ಎಲ್ಲದರಲ್ಲೂ ಮಾತಾಡಿಸಿ ನೋಡಿದ್ದರು. ಹೆಸರು ನೋಡಿ ನಾನು ಮೊದಲ ದಿನವೇ ಕನ್ನಡದಲ್ಲಿ ಮಾತಾಡಿಸಿದ್ದೆ. ಕಣ್ಣು ನನ್ನ ಕಡೆ ತಿರುಗಿತು, ಅಷ್ಟೇ.

ಜೂನ್ 24ರ ಬೆಳಿಗ್ಗೆ ಅವರ ಮಂಚದ ಪಕ್ಕ ಗಾಡಿ ನಿಲ್ಲಿಸಿಕೊಂಡು ಮಾತ್ರೆ ಎಣಿಸುತ್ತಿದ್ದೆ. ಓದಿದ್ದು ಇಂಗ್ಲಿಷಿನಲ್ಲಾದರೂ ಎಣಿಸುವಾಗ ನನ್ನ ಬಾಯಿಗೆ ಕನ್ನಡವೇ ಬರುತ್ತದೆ. ಆರು ಅನ್ನುವಷ್ಟರಲ್ಲಿ ಯಾರೋ ಕರೆದರು ಅಂತ ನಿಲ್ಲಿಸಿದೆ. ಬೆನ್ನ ಹಿಂದಿನಿಂದ ಒರಟಾದ, ತೊದಲುವ ದನಿ ಬಂತು. “ಏಳ.”

ತಿರುಗಿ ನೋಡಿದೆ. ನಾರಾಯಣಪ್ಪ ಛಾವಣಿ ನೋಡುತ್ತಿದ್ದರು. ನಾನು ಮೆಲ್ಲಗೆ “ಎಂಟು” ಅಂದೆ. ಅವರು “ಒಂಬತ್ತ” ಅಂದರು. ಹತ್ತು ನಾನು, ಹನ್ನೊಂದು ಅವರು. ಇಪ್ಪತ್ತರವರೆಗೂ ಹೋದೆವು. ಉತ್ತರ ಕರ್ನಾಟಕದ ಎಣಿಕೆ, ಒಂದೊಂದು ಸಂಖ್ಯೆಯನ್ನೂ ಕತ್ತರಿಯಲ್ಲಿ ಕತ್ತರಿಸಿ ಇಟ್ಟ ಹಾಗೆ. ಪಾರ್ಶ್ವವಾಯುವಿನಲ್ಲಿ ಮಾತು ಹೋದರೂ ಎಣಿಕೆ ಉಳಿಯುವುದುಂಟು ಅಂತ ಪುಸ್ತಕದಲ್ಲಿ ಓದಿದ್ದೆ. ಕಣ್ಣಾರೆ ನೋಡಿದ್ದು ಅವತ್ತೇ.

ನುಂಗುವ ವ್ಯಾಯಾಮ ಮಾಡಿಸಲು ಬರುತ್ತಿದ್ದ ಥೆರಪಿಸ್ಟ್‌ಗೆ ಹೇಳಿದೆ. ಆಕೆ ಒಪ್ಪಿ, ನೆಟ್ಟಗೆ ಕೂರಿಸಿ, ಗಟ್ಟಿಯಾಗಿ ಕಿವುಚಿದ ಬಾಳೆಹಣ್ಣಿನಿಂದ ಶುರು ಮಾಡಿ ಅಂದಳು. ಅರ್ಧ ಚಮಚ ತುಟಿಯ ಹತ್ತಿರ ಹಿಡಿದು “ಒಂದು” ಅಂದೆ. ಬಾಯಿ ತೆರೆಯಿತು. ಗಂಟಲ ಮೇಲೆ ಬೆರಳಿಟ್ಟು ಕಾದೆ. ಗಂಟಲಗೆಣ್ಣು ಮೇಲೆ ಹೋಗಿ ಕೆಳಗೆ ಬಂತು. ಆಮೇಲೆ ಅವರೇ, ತುಸು ದರ್ಪದಿಂದ, “ಎರಡ” ಅಂದರು. ಆ ದಿನದ ಲೆಕ್ಕ 3.

ಬಾಳೆಹಣ್ಣು ತರುತ್ತಿದ್ದವರು ಸಯೀದ್. ನಾರಾಯಣಪ್ಪನವರ ಕಫೀಲ್, ಎಂದರೆ ಅಂಗಡಿಯ ಯಜಮಾನ, ಐವತ್ತು ದಾಟಿದ ಒಮಾನಿ. ಪ್ರತಿ ಶುಕ್ರವಾರ ನಮಾಜು ಮುಗಿಸಿ ತಮ್ಮ ತೋಟದ ಹಣ್ಣಿನ ಚಿಪ್ಪು ಹಿಡಿದು ಬರುತ್ತಿದ್ದರು. ಅರಬಿ, ಹಿಂದಿ ಕಲಸಿ ಮಾತಾಡುತ್ತಿದ್ದರು. “ಸಿಸ್ಟರ್, ಇವನಿಗೆ ಹೇಳು, ಈದ್ ಹಬ್ಬದ ಮೂರು ಡಿಶ್‌ಡಾಶ್ ಇನ್ನೂ ಬಾಕಿ ಇದೆ. ಗಿರಾಕಿ ದಿನಾ ಬೈತಿದ್ದಾನೆ. ಮಲಗಿದ್ದು ಸಾಕು, ಖಲಾಸ್.” ನಾನು ಅದನ್ನು ಕನ್ನಡದಲ್ಲಿ ಹೇಳಿದರೆ ನಾರಾಯಣಪ್ಪನ ಬಾಯಿಯ ಎಡತುದಿ ಸ್ವಲ್ಪ ಮೇಲೇರುತ್ತಿತ್ತು. ಸಯೀದ್ ಅದನ್ನೇ ನೋಡುತ್ತಾ ಕೂರುತ್ತಿದ್ದರು. ಒಮ್ಮೆ ಕೇಳಿದರು. “ಮೂವತ್ತು ವರ್ಷ ನಾವಿಬ್ಬರೂ ಅರಬಿಯಲ್ಲೇ ಜಗಳ ಆಡಿದ್ದೇವೆ. ಈಗ ನನ್ನ ಒಂದು ಮಾತೂ ಅವನಿಗೆ ಗೊತ್ತಾಗ್ತಿಲ್ವಾ?” ಗೊತ್ತಾಗುತ್ತಿಲ್ಲ ಅಂತ ಹೇಳಲು ನನಗೆ ಬಾಯಿ ಬರಲಿಲ್ಲ. ದನಿ ಗೊತ್ತಾಗುತ್ತೆ ಬಾಬಾ ಅಂದೆ.

ಜುಲೈ ಪೂರ್ತಿ ಕಿಟಕಿಯ ಗಾಜು ಒಣಗಲಿಲ್ಲ. ಹೊರಗಿನ ತೆಂಗಿನ ಮರಗಳು ಮಂಜಿನಲ್ಲಿ ಕಾಂಡದವರೆಗೆ ಮಾತ್ರ ಕಾಣುತ್ತಿದ್ದವು. ಸಂಖ್ಯೆಗಳು ಏರುತ್ತಿದ್ದವು. ಜುಲೈ 5ಕ್ಕೆ 14. ಜುಲೈ 16ಕ್ಕೆ 38. ಜುಲೈ 29ಕ್ಕೆ ಬೆಳಿಗ್ಗೆ ಏಳೂವರೆಯಿಂದ ಸಂಜೆ ಆರರೊಳಗೆ ಐದು ಸಲ, ಸಲಕ್ಕೆ ಇಪ್ಪತ್ತರಂತೆ 100. ಅವರು ಎಡಗೈಯಿಂದ ನನ್ನ ಯೂನಿಫಾರ್ಮಿನ ಅಂಚು ಹಿಡಿದು ಮಡಚಿ ನೋಡಿ, ನಾಲಿಗೆಯಲ್ಲಿ ‘ಚ್’ ಅನ್ನುತ್ತಿದ್ದರು. ಏಜೆನ್ಸಿಯವರ ಹೊಲಿಗೆ ಅವರಿಗೆ ಹಿಡಿಸಿರಲಿಲ್ಲ. ಸಿಸ್ಟರ್ ಬೀನಾ ಅದನ್ನು ನೋಡಿ, “ಹೆಣ್ಣು ನೋಡೋಕೆ ಬಂದವರು ಕೂಡ ಇಷ್ಟು ತಪ್ಪು ಹುಡುಕಲ್ಲ” ಅಂತ ನಗುತ್ತಿದ್ದರು.

ಆದರೆ ಬೇರೆ ಯಾರು ಕೊಟ್ಟರೂ ಅವರು ಬಾಯಿ ತೆರೆಯುತ್ತಿರಲಿಲ್ಲ. ಬೀನಾ ಮೊದಲು ಮಲಯಾಳದಲ್ಲಿ ಎಣಿಸಿದರು, ಆಮೇಲೆ ನನ್ನಿಂದ ಕಲಿತು ಕನ್ನಡದಲ್ಲೂ ಎಣಿಸಿದರು. ನಾರಾಯಣಪ್ಪ ಮುಖ ತಿರುಗಿಸಿ ‘ಚ್’ ಅಂದರು. ನನ್ನ ವಾರದ ರಜೆಯ ದಿನ ಅವರಿಗೆ ಮತ್ತೆ ನಳಿಕೆಯೇ ಗತಿ. ಅದಕ್ಕೆ ರಜೆಯಲ್ಲೂ ಹೋಗತೊಡಗಿದೆ. ಡೈರಿಯ ಪ್ರಕಾರ ಆಗಸ್ಟ್ ಮಧ್ಯದವರೆಗೆ 8 ರಜೆ, ಅದರಲ್ಲಿ ವಾರ್ಡಿಗೆ ಹೋದದ್ದು 7. ಎಂಟನೆಯದರಲ್ಲಿ ನನಗೆ ಜ್ವರವಿತ್ತು.

ಒಂದು ದಿನ ಬೀನಾ ನನ್ನನ್ನು ಬೆಡ್‌ಶೀಟಿನ ಕಪಾಟಿನ ಹತ್ತಿರ ಕರೆದರು. “ಕುರ್ಚಿ ಜರುಗಿಸಿದೆ ನೀನು.”

“ಅವರು ತಿಂತಾ ಇದ್ದಾರಲ್ಲ ಸಿಸ್ಟರ್?”

“ನಿನ್ನ ಕೈಯಿಂದ ತಿಂತಾ ಇದ್ದಾರೆ. ಸೆಪ್ಟೆಂಬರ್ ಹದಿನೈದಕ್ಕೆ ನಿನ್ನ ಕೈ ಎಲ್ಲಿರುತ್ತೆ?”

ಉತ್ತರವಿತ್ತು ನನ್ನಲ್ಲಿ. ಹದಿನೈದರ ಮಾತೇ ಬರುವುದಿಲ್ಲ ಅಂದುಕೊಂಡಿದ್ದೆ. ಯಾಕೆಂದರೆ ಡಾಕ್ಟರು ಅಷ್ಟರಲ್ಲಿ ಒಂದು ಮಾತು ಕೊಟ್ಟಿದ್ದರು. ನಳಿಕೆಯಿಲ್ಲದೆ, ಕೆಮ್ಮಿಲ್ಲದೆ, ಸತತ ಏಳು ದಿನ ಬಾಯಿಂದಲೇ ಪೂರ್ತಿ ಆಹಾರ ಹೋದರೆ ಸೀಟಿನಲ್ಲಿ ಕೂತು ವಿಮಾನದಲ್ಲಿ ಊರಿಗೆ ಹೋಗಬಹುದು, ಜೊತೆಗೊಬ್ಬ ನರ್ಸ್ ಇರಬೇಕು. ಇಲ್ಲವಾದರೆ ಸ್ಟ್ರೆಚರ್. ಸ್ಟ್ರೆಚರಿಗೆ ಖರೀಫ್ ಮುಗಿಯುವವರೆಗೆ ವಿಮಾನದಲ್ಲಿ ಜಾಗವೇ ಸಿಗುತ್ತಿರಲಿಲ್ಲ. ಸೆಪ್ಟೆಂಬರ್ 4ಕ್ಕೆ ಟಿಕೆಟ್ ನೋಡಿದ್ದರು, ವಿಮಾನದವರಿಗೆ ಡಾಕ್ಟರ ಪತ್ರ ಆಗಸ್ಟ್ 25ರೊಳಗೆ ಕೊಡಬೇಕಿತ್ತು. ಜೊತೆಗೆ ಹೋಗುವವರ ಹೆಸರಿನ ಜಾಗದಲ್ಲಿ ಡಾಕ್ಟರು ನನ್ನ ಹೆಸರು ಬರೆದಿದ್ದರು.

ನಾರಾಯಣಪ್ಪನಿಗೆ ಹೆಂಡತಿ ಇರಲಿಲ್ಲ. ಮಗಳು ರೇಣುಕಾ ಬಾಗಲಕೋಟೆಯಲ್ಲಿ ಶಾಲೆಯ ಟೀಚರು. ಎರಡು ದಿನಕ್ಕೊಮ್ಮೆ ಫೋನ್ ಮಾಡುತ್ತಿದ್ದಳು. “ಸಿಸ್ಟರ್, ಇವತ್ತ ಎಷ್ಟಾತ್ರಿ?” ಅನ್ನುವುದೇ ಮೊದಲ ಮಾತು. ನೂರು ಅಂದ ದಿನ, “ನಮ್ಮಪ್ಪ ನನಗ ಲೆಕ್ಕಾ ಹೇಳಿಕೊಡುವಾಗ ನೂರಕ್ಕ ಕಮ್ಮಿ ಬಂದ್ರ ಊಟಾ ಕೊಡ್ತಿದ್ದಿಲ್ರಿ. ಈಗ ಅವರಿಗ ಹೇಳ್ರಿ, ಪಾಸಾದ್ರಿ ಅಂತ” ಅಂದಳು. ಹೇಳಿದೆ. ಅವರು ಕಣ್ಣು ಮುಚ್ಚಿಕೊಂಡರು.

ಆಗಸ್ಟ್ 16ರಂದು ನಳಿಕೆ ತೆಗೆದರು. ಏಳು ದಿನದ ಲೆಕ್ಕ 17ರಿಂದ ಶುರು. 17 ಮತ್ತು 18, ಎರಡು ದಿನವೂ ನೂರು ನೂರು.

18ರ ಸಂಜೆ ನರ್ಸಿಂಗ್ ಆಫೀಸಿನಿಂದ ಕಾಗದ ಬಂತು. ಬೆಟ್ಟದ ದಾರಿಯಲ್ಲಿ ಮಂಜಿಗೆ ಕಾರುಗಳು ಒಂದಕ್ಕೊಂದು ಗುದ್ದಿ ತುರ್ತು ವಿಭಾಗ ತುಂಬಿತ್ತು. ಮರುದಿನದಿಂದ ಐದು ದಿನ ನಾನು ಅಲ್ಲಿಗೆ ಹೋಗಬೇಕು. ಜನ ಕಡಿಮೆ ಬಿದ್ದಾಗ ಮೊದಲು ಎತ್ತಿ ಹಾಕುವುದು ಹಳದಿ ಬ್ಯಾಡ್ಜಿನವರನ್ನೇ. ಅದು ನಿಯಮ, ನಾನು ಸಹಿ ಹಾಕಿದ ಕರಾರಿನಲ್ಲೇ ಇತ್ತು. ಆದರೂ ಬೀನಾ ನನ್ನ ಪರವಾಗಿ ಫೋನ್ ಮಾಡಿ ಕೇಳಿದರು. “ಆಗಲ್ಲವಂತೆ” ಅಂತ ಫೋನಿಟ್ಟರು. ಏಜೆನ್ಸಿಗೆ ನಾನೇ ಫೋನ್ ಮಾಡಿದೆ. “ರೋಗಿಗಳು ಎಲ್ಲಾ ಕಡೆ ರೋಗಿಗಳೇ ಅಲ್ವಾ ಮೇಡಂ” ಅಂದರು.

ಊಟದ ಬಿಡುವಿನಲ್ಲಿ ಮಹಡಿ ಹತ್ತಿ ಬಂದರೂ ದಿನಕ್ಕೆ ಒಂದು ಸಲ ತಿನ್ನಿಸಬಹುದಿತ್ತು. ಉಳಿದ ನಾಲ್ಕು ಸಲ? ಒಂದೇ ಒಂದು ದಿನ ತಪ್ಪಿದರೂ ಏಳು ದಿನದ ಲೆಕ್ಕ ಮತ್ತೆ ಮೊದಲಿನಿಂದ. ಸೆಪ್ಟೆಂಬರ್ 4 ಕೈತಪ್ಪುತ್ತಿತ್ತು.

ಆಗ ನನಗೊಂದು ಉಪಾಯ ಹೊಳೆಯಿತು. ಒಂದು ಚಮಚ ಬಾಯಿಗಿಟ್ಟಾಗಿನಿಂದ ನುಂಗುವವರೆಗೆ ಎಷ್ಟು ಸೆಕೆಂಡು ಹಿಡಿಯುತ್ತದೆ ಅನ್ನುವ ಲೆಕ್ಕ ನನ್ನ ಡೈರಿಯಲ್ಲಿತ್ತು. ಹಿಂದಿನ ವಾರ ವಾಚು ನೋಡಿ ಅರವತ್ತು ಚಮಚಕ್ಕೆ ಬರೆದುಕೊಂಡಿದ್ದೆ. 9, 12, 8, 11, 15, 10, ಹೀಗೆ. ಸರಾಸರಿ 11. ಇರಲಿ ಅಂತ ಮೂರು ಸೇರಿಸಿ 14 ಮಾಡಿದೆ. ನನ್ನ ಹಳೆಯ ಫೋನಿನಲ್ಲಿ ಒಂದರಿಂದ ಇಪ್ಪತ್ತರವರೆಗೆ, ಹದಿನಾಲ್ಕು ಸೆಕೆಂಡಿಗೊಂದರಂತೆ, ನನ್ನ ದನಿಯಲ್ಲೇ ಎಣಿಸಿ ರೆಕಾರ್ಡ್ ಮಾಡಿದೆ. ಮಂಚದ ತಲೆಯ ಹತ್ತಿರ ಒಂದು ಕಾರ್ಡು ಅಂಟಿಸಿದೆ. ಎಷ್ಟು ಎತ್ತರಕ್ಕೆ ಕೂರಿಸಬೇಕು, ಚಮಚ ಯಾವ ಕಡೆಯಿಂದ ಕೊಡಬೇಕು, ಕೊನೆಗೆ ಬಾಯಿ ಹೇಗೆ ಒರೆಸಬೇಕು, ಒಟ್ಟು ಹನ್ನೊಂದು ಸೂಚನೆಗಳು. ಏಳನೆಯದು: ಒಂದು ಸಂಖ್ಯೆಗೆ ಒಂದು ಚಮಚ.

ಬೀನಾ ಕಾರ್ಡನ್ನು ಎರಡು ಸಲ ಓದಿದರು. “ಫೋನು ಸಿಸ್ಟರ್ ಆಗುತ್ತಾ?”

“ನಾಳೆ ನೋಡೋಣ ಸಿಸ್ಟರ್. ಆಗದಿದ್ದರೆ ಬಿಟ್ಟುಬಿಡೋಣ.”

ಆಯಿತು. 19ರಂದು ನೂರು. 20, 21, 22, ನೂರು, ನೂರು, ನೂರು. ವಾರ್ಡಿಗೆಲ್ಲ ಅದೊಂದು ಆಟವಾಯಿತು. ಪಕ್ಕದ ಬೆಡ್ಡಿನ ಒಮಾನಿ ಅಜ್ಜ ಕೂಡ ‘ಒಂದು, ಎರಡು’ ಅನ್ನುತ್ತಾರೆ ಅಂತ ಬೀನಾ ಕೆಳಗೆ ಬಂದು ಹೇಳಿ ನಕ್ಕರು. ನನ್ನ ಡೈರಿಯಲ್ಲಿ 22ರ ಪುಟದಲ್ಲಿ ಸಂಖ್ಯೆಯ ಕೆಳಗೆ ಎರಡು ಗೆರೆ ಎಳೆದಿದ್ದೇನೆ. ಇನ್ನೊಂದೇ ದಿನ.

ಆಗಸ್ಟ್ 23, ಬೆಳಿಗ್ಗೆ ಹತ್ತು ಗಂಟೆಯ ಊಟ. ಜೋಯ್ ಎಂಬ ಹೊಸ ನರ್ಸ್ ಕೊಡುತ್ತಿದ್ದಳು, ಮನಿಲಾದ ಹುಡುಗಿ, ಕಾರ್ಡಿನಲ್ಲಿದ್ದದ್ದನ್ನು ಅಕ್ಷರಶಃ ಪಾಲಿಸುವವಳು. ಒಂಬತ್ತನೆಯ ಚಮಚ ಗಂಟಲಲ್ಲಿ ನಿಂತಿತು. ನಾರಾಯಣಪ್ಪ ಇನ್ನೂ ನುಂಗುತ್ತಿದ್ದರು, ಫೋನು “ಹತ್ತು” ಅಂದಿತು. ಅವರು ಬಾಯಿ ತೆರೆದರು. ಬಾಯಿ ತೆರೆದರಲ್ಲ ಅಂತ ಅವಳು ಚಮಚ ಇಟ್ಟಳು.

ಬೀನಾ ತುರ್ತು ವಿಭಾಗಕ್ಕೆ ಫೋನ್ ಮಾಡಿ ನನ್ನನ್ನು ಕರೆದಾಗ ಮೆಟ್ಟಿಲು ಹತ್ತಿ ಓಡಿದೆ. ಪರದೆ ಎಳೆದಿದ್ದರು. ಮೂರು ಜನ ಮಂಚದ ಮೇಲೆ ಬಗ್ಗಿದ್ದರು, ಕಫ ಎಳೆಯುವ ಯಂತ್ರ ಗೊರಗೊರ ಅನ್ನುತ್ತಿತ್ತು. ನಾರಾಯಣಪ್ಪನ ತುಟಿಯ ಬಣ್ಣ ಬದಲಾಗಿತ್ತು. ಜೋಯ್ ಗೋಡೆಗೆ ಒತ್ತಿಕೊಂಡು ನಿಂತಿದ್ದಳು, ಕೈಯಲ್ಲಿ ಬಟ್ಟಲು ಹಾಗೇ ಇತ್ತು. ಅವರ ತಲೆಯ ಪಕ್ಕದ ಡ್ರಾಯರಿನ ಮೇಲಿಂದ ನನ್ನ ದನಿ ಬಂತು. “ಹದಿನೇಳು.”

ಯಾರಿಗೂ ಅದನ್ನು ನಿಲ್ಲಿಸಲು ಬಿಡುವಿರಲಿಲ್ಲ. ನಾನು ಅಲ್ಲಿಗೆ ತಲುಪಲು ಇಬ್ಬರನ್ನು ದಾಟಬೇಕಿತ್ತು. ಅಷ್ಟರಲ್ಲಿ, ಬಹಳ ಸಮಾಧಾನದಿಂದ, ಪ್ರೀತಿಯಿಂದ, ಅದು “ಹದಿನೆಂಟು” ಅಂದಿತು.

ಆ ದಿನದ ಪುಟದ ಮೂಲೆಯಲ್ಲಿ 29 ಅಂತ ಬರೆದು ಹೊಡೆದುಹಾಕಿದ್ದೇನೆ. ಏಳೂವರೆಯ ಊಟದ ಇಪ್ಪತ್ತು, ಹತ್ತು ಗಂಟೆಯದರ ಒಂಬತ್ತು. ಹತ್ತನೆಯದನ್ನು ಲೆಕ್ಕಕ್ಕೆ ಹಿಡಿಯಬಾರದಲ್ಲ, ಹಾಗಾಗಿ 29. ಅದನ್ನು ಬರೆದ ಕೈ ನನ್ನದೇ ಅಂತ ಈಗ ನಂಬುವುದು ಕಷ್ಟ.

ಉಸಿರು ಉಳಿಯಿತು, ಆದರೆ ಆಹಾರ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಯಿತು. ಐಸಿಯುನಲ್ಲಿ ಒಂಬತ್ತು ದಿನ. ನಳಿಕೆ ವಾಪಸ್ ಬಂತು. ಸೆಪ್ಟೆಂಬರ್ 4ರ ಟಿಕೆಟ್ ರದ್ದಾಯಿತು. ಘಟನೆಯ ವರದಿ ಬರೆಯಲು ಕೂತಾಗ ನನ್ನ ಕಾರ್ಡನ್ನು ಮುಂದಿಟ್ಟುಕೊಂಡು ಓದಿದೆ. ಹನ್ನೊಂದು ಸೂಚನೆಗಳಲ್ಲಿ ‘ನುಂಗುವವರೆಗೆ ಕಾಯಿರಿ’ ಅನ್ನುವುದಿರಲಿಲ್ಲ. ಕಾಯುವುದನ್ನು ನನ್ನ ಬೆರಳು ಅವರ ಗಂಟಲ ಮೇಲೆ ತಾನಾಗಿ ಮಾಡುತ್ತಿತ್ತು. ಅದೊಂದು ಕೆಲಸ ಅಂತ ನನಗೆ ತೋಚಿರಲೇ ಇಲ್ಲ. ವರದಿಯಲ್ಲಿ ಅದನ್ನೇ ಬರೆದೆ. ಆಫೀಸಿನವರು ಓದಿ, ಸಹಿ ಹಾಕಿ, ಫೈಲಿಗೆ ಸೇರಿಸಿದರು. ಯಾರೂ ಬೈಯಲಿಲ್ಲ. ಬೈಯಲಿ ಅಂತ ಎರಡು ದಿನ ಕಾದೆ. ಜೋಯ್ ಮಾತ್ರ ನನ್ನನ್ನು ಕಂಡಾಗಲೆಲ್ಲ “ಸಾರಿ, ಸಾರಿ” ಅನ್ನುತ್ತಿದ್ದಳು. ಅದಕ್ಕಿಂತ ದೊಡ್ಡ ಬೈಗುಳ ಬೇಕಿರಲಿಲ್ಲ.

ಬೀನಾ ಕೂಡ ‘ನಾನು ಹೇಳಿರಲಿಲ್ವಾ’ ಅನ್ನಲಿಲ್ಲ. “ಊಟ ಮಾಡಿದ್ಯಾ?” ಅಂತ ಕೇಳಿದರು. ಇಲ್ಲ ಅಂದೆ. ಅವರ ಡಬ್ಬಿಯಿಂದ ಅನ್ನ ಹಾಕಿಕೊಟ್ಟು, ನಾನು ತಿನ್ನುವವರೆಗೆ ಎದುರಿಗೇ ಕೂತರು.

ಆ ಶುಕ್ರವಾರ ಸಯೀದ್ ಐಸಿಯುವಿನ ಹೊರಗೆ ಸಿಕ್ಕರು. ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು ಇತ್ತು, ಯಾರಿಗೆ ಕೊಡುವುದು ಅಂತ ಗೊತ್ತಾಗದೆ ಹಿಡಿದುಕೊಂಡಿದ್ದರು. ಏನಾಯಿತು ಅಂತ ಪೂರ್ತಿ ಹೇಳಿದೆ, ಫೋನಿನ ವಿಷಯವನ್ನೂ ಸೇರಿಸಿ. ಅವರು ಬೆಂಚಿನ ಮೇಲೆ ಕೂತು ಚಿಪ್ಪನ್ನು ತೊಡೆಯ ಮೇಲಿಟ್ಟುಕೊಂಡರು.

“ಅವನು ಅಳತೆ ಕೂಗ್ತಿದ್ದ” ಅಂದರು ಆಮೇಲೆ. “ಅಂಗಡಿ ಶುರು ಮಾಡಿದಾಗ ಬರೆದುಕೊಳ್ಳೋಕೆ ನಾನೇ ಕೂರ್ತಿದ್ದೆ. ಅವನು ಟೇಪ್ ಹಿಡಿದು ಭುಜ, ತೋಳು, ಉದ್ದ ಅಂತ ಸಂಖ್ಯೆ ಕೂಗೋದು, ನಾನು ಬರೆಯೋದು. ಒಂದು ಸಲ ಕೂಗಿದ್ದನ್ನ ಎರಡನೇ ಸಲ ಹೇಳ್ತಿರಲಿಲ್ಲ. ನಾನು ಹಿಂದೆ ಬಿದ್ದರೆ, ಬಟ್ಟೆ ಹಾಳಾದರೆ ನಿನ್ನ ತಲೆಗೆ ಅಂತಿದ್ದ. ಸಂಖ್ಯೆ ಬಂತು ಅಂದರೆ ಹಿಡೀಬೇಕು, ಸಿಸ್ಟರ್. ಅದು ಅವನ ನಿಯಮ. ನೀನು ಕೂಗಿದೆ. ಅವನು ಹಿಡಿಯೋಕೆ ಹೋದ.”

ಅವರ ದನಿಯಲ್ಲಿ ಕೋಪವಿರಲಿಲ್ಲ. ಚಿಪ್ಪನ್ನು ನನ್ನ ಕೈಗಿಟ್ಟು ಹೋದರು. ಆ ಹಣ್ಣು ಬೆಡ್‌ಶೀಟಿನ ಕಪಾಟಿನಲ್ಲಿ ನನ್ನ ಬ್ಯಾಗಿನ ಪಕ್ಕ ಕೊಳೆಯುವವರೆಗೂ ಇತ್ತು. ನಿನ್ನೆ ಅಂಗಡಿಯ ಬಾಗಿಲಲ್ಲಿ ಬಂದದ್ದು ಅದೇ ವಾಸನೆ.

ಸೆಪ್ಟೆಂಬರ್ 1ಕ್ಕೆ ಅವರು ಮತ್ತೆ ಆರನೇ ಬೆಡ್ಡಿಗೆ ಬಂದರು. ಥೆರಪಿಸ್ಟ್ ಒಂದು ವಾರ ಬಿಟ್ಟು, ಬರೀ ಖಾಲಿ ಚಮಚ ಹಿಡಿದು ನೋಡಿ ಅಂದಳು. ಹಿಡಿದೆ. “ಒಂದು.” ಅವರು ನನ್ನನ್ನು ನೋಡಿದರು. ಬಾಯಿ ತೆರೆಯಲಿಲ್ಲ. ಕಾದೆ. ವಾಚಿನಲ್ಲಿ ನಾಲ್ಕು ನಿಮಿಷ. ಎಡಗೈ ನನ್ನ ಯೂನಿಫಾರ್ಮಿನ ಅಂಚಿಗೂ ಬರಲಿಲ್ಲ. 8ರಿಂದ 14ರವರೆಗೆ ಏಳು ಪುಟಗಳ ಮೂಲೆಯಲ್ಲಿ 0. ಏಳು ದಿನ ಸತತವಾಗಿ, ಡಾಕ್ಟರು ಕೇಳಿದ ಹಾಗೆಯೇ.

ರೇಣುಕಾಗೆ ಆಸ್ಪತ್ರೆಯವರು ‘ಎದೆಯ ಸೋಂಕು, ಪ್ರಯಾಣ ಮುಂದಕ್ಕೆ’ ಅಂತ ಹೇಳಿದ್ದರು. ಅವಳು ಫೋನ್ ಮಾಡಿದಾಗ ನಾನೂ ಅಷ್ಟೇ ಹೇಳಿದೆ. “ನೀವ ಅದೀರಲ್ರಿ ಸಿಸ್ಟರ್, ನನಗ ಚಿಂತಿಲ್ಲ” ಅಂದಳು. ನಾನು 14ಕ್ಕೆ ಹೋಗುತ್ತಿದ್ದೇನೆ ಅಂದೆ. “ಹೋಗ್ತೀರಿ?” ಅಂದಳು. ನರ್ಸುಗಳು ಹಾಗೆ ಹೋಗಿಬಿಡುತ್ತಾರೆ ಅಂತ ಅವಳಿಗೆ ಗೊತ್ತಿರಲಿಲ್ಲ. ಕರಾರು ವಿಸ್ತರಿಸಿ ಅಂತ ನಾನು ಏಜೆನ್ಸಿಗೆ ಮೂರು ಸಲ ಬರೆದಿದ್ದೆ. ಖರೀಫ್ ಮುಗಿಯಿತು, ಕಾಯಂ ನರ್ಸುಗಳು ಬಂದರು, ಸಲಾಲಾದಲ್ಲಿ ಜಾಗ ಖಾಲಿಯಿಲ್ಲ, ಒಳನಾಡಿನ ಇಬ್ರಿ ಊರಿಗೆ ಹೊರಡಿ ಅಂತ ಉತ್ತರ ಬಂತು.

91ನೇ ದಿನ, ಮುಂದೆ ನೋಡಿಕೊಳ್ಳುವ ನರ್ಸಿಗೆ ರೋಗಿಗಳ ವಿವರ ಬರೆದುಕೊಟ್ಟೆ. ಬೇರೆ ಎಲ್ಲ ರೋಗಿಗಳಿಗೆ ಸೇರಿ ಒಂದು ಪುಟ, ಆರನೇ ಬೆಡ್ಡಿಗೆ ಎರಡು. ನಾರಾಯಣಪ್ಪನ ಹತ್ತಿರ ಹೋಗಿ, “ಹೋಗಿಬರ್ತೀನಿ ಅಪ್ಪಾಜಿ” ಅಂದೆ. ಬರುವುದಿಲ್ಲ ಅಂತ ನನಗೆ ಗೊತ್ತಿತ್ತು. ಅವರು ಕಿಟಕಿ ನೋಡುತ್ತಿದ್ದರು. ಮಂಜು ಹೋಗಿ ತೆಂಗಿನ ಮರಗಳು ತುದಿಯವರೆಗೂ ಕಾಣುತ್ತಿದ್ದವು.

ಇಬ್ರಿಯಲ್ಲಿ ಧೂಳು ಮತ್ತು ಬಿಸಿಲು. ಮತ್ತೆ ಹಳದಿ ಬ್ಯಾಡ್ಜು, ಮತ್ತೆ ಪಟ್ಟಿಗಳು. ಎರಡು ತಿಂಗಳು ಡೈರಿಯ ಮೂಲೆ ಖಾಲಿ. ನವೆಂಬರ್ 9ರಂದು ಬೀನಾರಿಂದ ಒಂದು ಸಾಲು ಬಂತು. ‘ನಿನ್ನ ದರ್ಜಿ ಇವತ್ತು ಸ್ಟ್ರೆಚರಿನಲ್ಲಿ ಹೊರಟರು. ನಳಿಕೆ ಇದೆ. ಸಯೀದ್ ಏರ್‌ಪೋರ್ಟಿಗೆ ಬಂದಿದ್ದರು.’

ನವೆಂಬರ್ 21, ನನ್ನ ರಜೆಯ ದಿನ, ಬೆಳಿಗ್ಗೆ ಹತ್ತೂವರೆಗೆ ರೇಣುಕಾ ವಿಡಿಯೊ ಕಾಲ್ ಮಾಡಿದಳು. ಅವಳ ಮುಖ ನೋಡಿದ್ದು ಅದೇ ಮೊದಲು. ಹಣೆ ಅಪ್ಪನದೇ. ಹಿಂದೆ ಮಂಚದಲ್ಲಿ, ಮೂರು ದಿಂಬಿಗೆ ಒರಗಿ, ನಾರಾಯಣಪ್ಪ. ಮೂಗಿನಲ್ಲಿ ನಳಿಕೆ.

“ಸಿಸ್ಟರ್, ಇಲ್ಲಿ ಡಾಕ್ಟರ್ ನೋಡಿದ್ರು, ಗಟ್ಟಿ ಗಂಜಿ ಒಂದೊಂದ ಚಮಚಾ ಹಾಕಿ ನೋಡ್ರಿ ಅಂದಾರ. ಬಾಯೇ ತಗಿವಲ್ರು. ಬೀನಾ ಸಿಸ್ಟರ್ ಹೇಳಿದ್ರು, ನೀವು ಎಣಸಿದ್ರ ತಿಂತಿದ್ರಂತ. ಒಂದ ರೆಕಾರ್ಡ್ ಮಾಡಿ ಕಳಸ್ರೆಲ್ಲಾ. ದಿನಾ ಹಚ್ಚತೀನಿ.”

“ಬೇಡ” ಅಂದೆ. ನನಗೇ ಗೊತ್ತಾಗುವಷ್ಟು ಜೋರಾಗಿ.

“ಯಾಕ್ರಿ? ಇಪ್ಪತ್ತರ ಮಟ ಸಾಕ್ರಿ.”

ಹೇಳಿದೆ. ಹಳೆಯ ಫೋನು, ಹದಿನಾಲ್ಕು ಸೆಕೆಂಡು, ಕಾರ್ಡು, ಒಂಬತ್ತನೇ ಚಮಚ, ಹತ್ತು. ಸೋಂಕು ತಾನಾಗಿ ಬಂದದ್ದಲ್ಲ, ನನ್ನ ಎಣಿಕೆಯಿಂದ ಬಂದದ್ದು ಅಂತ. ಮೊದಲೇ ಹೇಳಬೇಕಿತ್ತು, ಹೇಳಲಿಲ್ಲ ಅಂತ. ಪರದೆಯ ಮೇಲೆ ಅವಳ ಮುಖ ಅಲುಗಾಡಲಿಲ್ಲ. ನೆಟ್‌ವರ್ಕ್ ನಿಂತಿತೇನೋ ಅಂದುಕೊಂಡೆ. ಆದರೆ ಹಿಂದೆ ಫ್ಯಾನು ತಿರುಗುತ್ತಿತ್ತು.

ಆಮೇಲೆ ಅವಳು ಎದ್ದು ಹೋದಳು. ಖಾಲಿ ಕುರ್ಚಿ, ಮಂಚ, ಫ್ಯಾನು. ಇನ್ನು ಬರುವುದಿಲ್ಲ ಅಂತ ಕಾಲ್ ಮುಗಿಸಲು ಬೆರಳೆತ್ತಿದೆ. ಅವಳು ಬಟ್ಟಲು ಹಿಡಿದು ವಾಪಸ್ ಬಂದಳು. ಫೋನನ್ನು ಅಪ್ಪನ ಎದುರು ಏನಕ್ಕೋ ಒರಗಿಸಿದಳು. “ನಂದು ಏನರ ಇರ್ಲಿ. ಅದು ಆಮ್ಯಾಲೆ. ನೀವ ಎಣಸ್ರಿ. ಈಗ.”

ಗಂಟಲ ಮೇಲೆ ಎರಡು ಬೆರಳಿಡಿ ಅಂದೆ. ಇಟ್ಟಳು. ನಾರಾಯಣಪ್ಪ ಪರದೆಯನ್ನು ನೋಡುತ್ತಿದ್ದರು. ನನ್ನನ್ನು ಗುರುತಿಸಿದರೋ ಇಲ್ಲವೋ ತಿಳಿಯಲಿಲ್ಲ.

“ಒಂದು” ಅಂದೆ.

ಬಾಯಿ ತೆರೆಯಲಿಲ್ಲ. ಮತ್ತೆ ಹೇಳಬಾರದು ಅಂತ ತುಟಿ ಕಚ್ಚಿ ಹಿಡಿದೆ. ವಾಚು ನೋಡಲಿಲ್ಲ. ಎಷ್ಟೋ ಹೊತ್ತಾದ ಮೇಲೆ ಅವರ ಕೆಳತುಟಿ ಅದುರಿತು, ಬಾಯಿ ಬಿಟ್ಟುಕೊಂಡಿತು. ರೇಣುಕಾ ಚಮಚ ಒಳಗಿಟ್ಟಳು.

ಅಷ್ಟರಲ್ಲಿ ಚಿತ್ರ ನಿಂತುಬಿಟ್ಟಿತು. ಫ್ಯಾನಿನ ರೆಕ್ಕೆಗಳೂ ನಿಂತಿದ್ದವು. ಚಮಚ ಬಾಯೊಳಗೆ, ಬೆರಳು ಗಂಟಲ ಮೇಲೆ, ಅವರ ಕಣ್ಣು ನನ್ನ ಮೇಲೆ. ದನಿ ಹೋಗುತ್ತಿದೆಯೋ ಇಲ್ಲವೋ, ಅವರಿಗೆ ನಾನು ಕಾಣುತ್ತಿದ್ದೇನೋ ಇಲ್ಲವೋ ಗೊತ್ತಾಗುವ ದಾರಿಯಿರಲಿಲ್ಲ. ಅಲ್ಲಿ ಅವರು ನುಂಗುತ್ತಿರಬಹುದು. ಕೆಮ್ಮುತ್ತಿರಬಹುದು. ಮುಂದಿನ ಸಂಖ್ಯೆಗಾಗಿ ಕಾಯುತ್ತಿರಬಹುದು.

ಇಬ್ರಿಯ ಆ ಕೋಣೆಯಲ್ಲಿ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕೂತೆ. ಎರಡು ಅನ್ನುವುದು ಬಾಯಿಯ ತುದಿಯಲ್ಲೇ ಇತ್ತು. ಹೇಳಲಿಲ್ಲ.